ತಾಮ್ರ ಎಂದ ಕೂಡಲೇ ಅತ್ತೆ ಎದ್ದು ನಿಂತರು

ಗಾಜಿನ ಬಾಗಿಲಿನ ಆಚೆ ಮಲಗಿರುವ ನನ್ನ ಯಜಮಾನರಾದ ಸೋಮನಾಥರಿಗೆ,

ರಶ್ಮಿಯ ನಮಸ್ಕಾರಗಳು. ಕ್ಷೇಮವೇ ಎಂದು ನಿಮ್ಮನ್ನು ಕೇಳುವ ಹಾಗಿಲ್ಲ. ನಾವೆಲ್ಲ ಕ್ಷೇಮ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ದಿನಕ್ಕೊಂದು ಸಲ ನನ್ನನ್ನು ಒಳಗೆ ಬಿಡುತ್ತಾರೆ. ಮೈಗೆ ಹಸಿರು ಗೌನು, ಮೂಗಿಗೆ ಮಾಸ್ಕು, ತಲೆಗೆ ಟೋಪಿ. ನಿಮ್ಮ ಮಂಚದ ಪಕ್ಕ ನಿಂತರೆ ನರ್ಸು, "ಮಾತಾಡ್ಸಿ ಅಕ್ಕ, ಅವ್ರಿಗೆ ಕೇಳುತ್ತೆ" ಎನ್ನುತ್ತಾಳೆ. ನನಗೆ "ರೀ" ಎನ್ನುವುದರಾಚೆ ಒಂದು ಶಬ್ದವೂ ಹೊರಡುವುದಿಲ್ಲ. ಮನೆಯಲ್ಲಿ ಬಾಯಿ ಮುಚ್ಚದವಳು ಇಲ್ಲಿ ಮೂಕಿಯಾಗಿದ್ದೇನೆ ಎಂದು ಗೊತ್ತಾದರೆ ನೀವು ನಗುತ್ತೀರಿ. ನಗಲಿ ಎಂದೇ ಬರೆಯುತ್ತಿದ್ದೇನೆ.

ಹೊರಗೆ ಬಂದರೆ ಕೂರಲಾಗುವುದಿಲ್ಲ. ಕೂತರೆ ಏಳಬೇಕು ಅನಿಸುತ್ತದೆ, ಎದ್ದರೆ ಬಾಗಿಲವರೆಗೆ ಹೋಗಬೇಕು, ಹೋದರೆ ಅಲ್ಲಿ ಮಾಡುವುದೇನೂ ಇಲ್ಲ. ತುಂಬಿದ ನೀರಿನ ಬಾಟಲಿಯನ್ನೇ ಚೆಲ್ಲಿ ಮತ್ತೆ ತುಂಬಿಸಿ ತರುತ್ತೇನೆ. ಕೈಗೇನಾದರೂ ಕೆಲಸವಿರಲಿ ಎಂದು ಊರಿನಿಂದ ನನ್ನ ಹೊಲಿಗೆ ತರಿಸಿಕೊಂಡೆ. ಒಂದು ರವಿಕೆಯ ಹುಕ್ಕುಗಳನ್ನೆಲ್ಲ ತಪ್ಪು ಬದಿಗೆ ಹೊಲಿದು, ಬಿಚ್ಚಿ, ಮತ್ತೆ ಅದೇ ಬದಿಗೆ ಹೊಲಿದೆ. ಬಾಗಿಲು ಕಾಯುವವನಿಗೂ ಸಾಕಾಗಿಹೋಯಿತು. "ಒಂದ್ ಕಡೆ ಕೂತ್ಕಳಿ ಮಾರಾಯ್ರೆ, ನಿಮ್ನ ನೋಡಿ ನಂಗೇ ತಲೆ ತಿರುಗ್ತಿದೆ" ಎಂದ.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ಅದನ್ನು ಹೇಳದೆ ಮುಂದೆ ಬರೆಯಲಾರೆ. ಶೆಡ್ಡಿನ ದೊಡ್ಡ ಒಲೆಯ ಕಲ್ಲು ಅಲುಗುತ್ತಿದೆ, ಹಂಡೆ ಒಂದು ಕಡೆ ವಾಲಿದೆ ಎಂದು ನಾನು ಹೇಳಿದಾಗ, "ಈ ಸೀಸನ್ ಮುಗೀಲಿ ಮಾರಾಯ್ತಿ, ಸರಿ ಮಾಡೋಣ" ಎಂದಿರಿ. ಊರವರ ಅಡಿಕೆಯನ್ನೆಲ್ಲ ಸುಲಿದು ಬೇಯಿಸಿಕೊಡುವ ಗಡಿಬಿಡಿಯಲ್ಲಿ ನಮ್ಮ ಒಲೆಯನ್ನು ನೋಡಿಕೊಳ್ಳಲು ನಿಮಗೆ ಪುರಸೊತ್ತಿರಲಿಲ್ಲ. ಹಂಡೆ ಮಗುಚಿತು. ಅಡಿಕೆ ಬೆಂದ ಕುದಿಯುವ ಚೊಗರು ನಿಮ್ಮ ಎದೆ, ಹೊಟ್ಟೆ, ಎರಡೂ ಕೈಗಳ ಮೇಲೆ ಸುರಿಯಿತು. ಸೇರಿದ ಜನ ಇಂಕು ಹಾಕಿ ಎಂದರು, ಬೆಣ್ಣೆ ಹಚ್ಚಿ ಎಂದರು. ನಾನು ಪೈಪು ಹಿಡಿದು ನೀರು ಬಿಡುತ್ತಾ ನಿಂತೆ. ನೀವು ಕಿರುಚಲೂ ಇಲ್ಲ, "ಒಲೆ ಆರ್ಸು ರಶ್ಮಿ" ಎಂದಿರಿ. ನೆಲಕ್ಕೆ ಹರಿದ ಆ ಚೊಗರಿನ ಕೆಂಪು ಕಲೆ ನನ್ನ ಅಂಗಾಲಿನಲ್ಲಿ ಇನ್ನೂ ಇದೆ, ಎಷ್ಟು ಉಜ್ಜಿದರೂ ಹೋಗಿಲ್ಲ.

ಶಿವಮೊಗ್ಗದ ಈ ಆಸ್ಪತ್ರೆಗೆ ಬಂದ ಮೇಲೆ ನಿಮ್ಮ ತೊಡೆಯ ಚರ್ಮ ತೆಗೆದು ಎದೆಗೂ ಕೈಗೂ ಹಚ್ಚಿದರು. ಅದು ಹಿಡಿಯಲಿಲ್ಲ. ಕಟ್ಟು ಬಿಚ್ಚಿದಾಗ ಒದ್ದೆ ಕಾಗದದ ಹಾಗೆ ಜಾರಿ ಬಂತಂತೆ. ಮೇಲೆ ಜ್ವರ ಬೇರೆ. ನಿಮ್ಮನ್ನು ನೋಡುವ ಡಾಕ್ಟರು ಜ್ಯೋತ್ಸ್ನಾ, ನಮ್ಮ ಹರಿಹರಪುರದ ಕಡೆಯವರೇ, ನನ್ನನ್ನೂ ಅತ್ತೆಯನ್ನೂ ಎದುರು ಕೂರಿಸಿಕೊಂಡು ಹೇಳಿದರು. "ಸುಟ್ಟ ಜಾಗದಿಂದ ದಿನಾ ನೀರು ಸೋರ್ತದಲ್ಲ, ಅದು ಬರೀ ನೀರಲ್ಲ. ಮೈಯಲ್ಲಿರೋ ತಾಮ್ರ, ಸತು, ಸೆಲೆನಿಯಂ ಎಲ್ಲ ಅದ್ರ ಜೊತೆ ಹೋಗ್ತದೆ. ಮೊದ್ಲೇ ಇರೋದು ಚೂರು. ಅದಿಲ್ದೆ ಹೊಸ ಚರ್ಮ ಹಿಡಿಯಲ್ಲ, ನಂಜೂ ಇಳಿಯಲ್ಲ. ರಕ್ತ ಪರೀಕ್ಷೆಲಿ ತಾಮ್ರ ತೀರಾ ಇಳಿದಿದೆ. ಊಟದಲ್ಲಿ ಕೊಟ್ರೆ ಸಾಲಲ್ಲ, ನರಕ್ಕೇ ಕೊಡ್ಬೇಕು. ಆಮೇಲೆ ಇನ್ನೊಂದ್ಸಲ ಚರ್ಮ ಹಚ್ತೇವೆ." ಇದೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ಅವರು ಹೇಳಲಿಲ್ಲ. ಇದಿಲ್ಲದಿದ್ದರೆ ಎರಡನೆಯದೂ ಜಾರಬಹುದು, ಮೂರನೆಯ ಸಲಕ್ಕೆ ತೆಗೆಯಲು ಮೈಯಲ್ಲಿ ಒಳ್ಳೆಯ ಚರ್ಮ ಹೆಚ್ಚು ಉಳಿದಿಲ್ಲ ಎಂದರು.

ತಾಮ್ರ ಎಂದ ಕೂಡಲೇ ಅತ್ತೆ ಎದ್ದು ನಿಂತರು. "ಮೈಲುತುತ್ತನಾ?" ಎಂದರು. ಅವರನ್ನು ಏನೆನ್ನಲಿ? ನಮ್ಮ ಕಡೆ ತಾಮ್ರ ಎಂದರೆ ಒಂದೋ ಪೂಜೆಯ ಚೊಂಬು, ಇಲ್ಲವೇ ಮಳೆಗಾಲದಲ್ಲಿ ಸುಣ್ಣದ ತಿಳಿಯೊಂದಿಗೆ ಕದಡಿ ಕೊಳೆರೋಗಕ್ಕೆಂದು ಅಡಿಕೆ ಗೊನೆಗೆ ಹೊಡೆಯುವ ವಿಷ, ಮೈಲುತುತ್ತ. ಡಾಕ್ಟರು ಪಾಪ, ಸುಳ್ಳು ಹೇಳುವವರಲ್ಲ. "ತಾಮ್ರ ಅದ್ರಲ್ಲೂ ಉಂಟು ಅಮ್ಮ, ಇದ್ರಲ್ಲೂ ಉಂಟು. ಆದ್ರೆ ಇದು ಉಗುರಿನ ತುದಿಯಷ್ಟೂ ಇಲ್ಲ, ಅಳೆದು ಕೊಡೋದು" ಎಂದುಬಿಟ್ಟರು. ಅಷ್ಟು ಸಾಕಾಯಿತು. "ನೋಡು, ಅವ್ರೇ ಒಪ್ಕೊಂಡ್ರಲ್ಲ! ನನ್ ಮಗನ ಮೈಗೆ ಅದು ಹೋಗ್ಬಾರ್ದು. ಮನೆಗೆ ಕರ್ಕೊಂಡ್ ಹೋಗಣ. ನರಸಿಂಹರಾಜಪುರದಲ್ಲಿ ಸೊಪ್ಪಿನ ಔಷಧಿ ಕೊಡೋರಿದ್ದಾರೆ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ನಿಮ್ಮಮ್ಮ ದಾಕ್ಷಾಯಣಮ್ಮನವರು ಸೆರಗು ಸಿಕ್ಕಿಸಿದರೆ ಏನರ್ಥ ಎಂದು ನಿಮಗೆ ಗೊತ್ತು.

ರಾಜಿ ಮಾಡಿಸಲು ಬಾಳೆಹೊನ್ನೂರಿನಿಂದ ನಿಮ್ಮ ಮರುಳಸಿದ್ದಪ್ಪ ಚಿಕ್ಕಪ್ಪ ಬಂದರು. ಬರಿಗೈಯಲ್ಲಿ ಬರಲಿಲ್ಲ. ತಾಮ್ರದ ಚೊಂಬಿನಲ್ಲಿ ಇಡೀ ರಾತ್ರಿ ಇಟ್ಟ ನೀರನ್ನು, ಬಾಯಿಗೆ ಬಟ್ಟೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. "ಇದನ್ನೇ ಕುಡಿಸಿ. ತಾಮ್ರಾನೂ ಹೋಗುತ್ತೆ, ಅತ್ತಿಗೆ ಮಾತೂ ಉಳಿಯುತ್ತೆ" ಎಂದರು. ಡಾಕ್ಟರು ನಗಲಿಲ್ಲ, ಗದರಲೂ ಇಲ್ಲ. ಇದು ಸಾಲುವುದಿಲ್ಲ ಎಂದು ಅವರಿಗೂ ಮೊದಲಿನಿಂದ ಎಲ್ಲ ವಿವರಿಸಿದರು. ಚಿಕ್ಕಪ್ಪ ತಲೆಯಾಡಿಸಿ ಕೇಳಿ, ಹೊರಗೆ ಬಂದು, "ಅತ್ತಿಗೆ ಹೇಳೋದೂ ಸರಿ, ಡಾಕ್ಟ್ರು ಹೇಳೋದೂ ಸರಿ" ಎಂದು ಊಟಕ್ಕೆ ಹೋದರು. ಚೊಂಬಿನ ನೀರನ್ನು ನಾನೇ ಕುಡಿದೆ.

ಕೊನೆಗೆ ಡಾಕ್ಟರು, ಕರೆದುಕೊಂಡು ಹೋಗುವುದಾದರೆ ನಿಮ್ಮ ಜವಾಬ್ದಾರಿ, ಬೇಗ ಹೇಳಿ ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಈ ಮನೆಗೆ ಬಂದಂದಿನಿಂದ ಅತ್ತೆಯ ಬೆನ್ನ ಹಿಂದೆ ಗೊಣಗಿದ್ದುಂಟು, ಎದುರು ನಿಂತದ್ದಿಲ್ಲ. "ಎಲ್ಲಿಗೂ ಕರ್ಕೊಂಡ್ ಹೋಗಲ್ಲ. ನೀವು ಕೊಡಿ ಡಾಕ್ಟ್ರೇ" ಎಂದೆ. "ಅವನಿಗೇನಾದ್ರೂ ಆದ್ರೆ ನಿನ್ ಮುಖ ನೋಡಲ್ಲ" ಎಂದರು ಅತ್ತೆ. ಧೈರ್ಯವಾಗಿ ಹೇಳಿದೆ ಎಂದುಕೊಳ್ಳಬೇಡಿ. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತುಬಿಟ್ಟೆ. ಅತ್ತೆಯದೇ ಸರಿಯಾಗಿದ್ದರೆ? ನಾನು ಓದಿದ್ದು ಪಿಯುಸಿ. ನನ್ನ ಒಂದು ಮಾತಿನಿಂದ ಏನೋ ಒಂದು ಹನಿಹನಿಯಾಗಿ ನಿಮ್ಮ ನರದೊಳಗೆ ಇಳಿಯುತ್ತಿತ್ತು. ಅದು ಇಳಿಯುವಷ್ಟು ಹೊತ್ತೂ ಗಾಜಿಗೆ ಹಣೆ ಆನಿಸಿ ನಿಂತಿರುತ್ತಿದ್ದೆ.

ಅತ್ತೆ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು. ಬೆಳಿಗ್ಗೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ ಏಳುವುದೇ ಇಲ್ಲ. ನಾನು ತಂದ ಕಾಫಿ ಮುಟ್ಟುವುದಿಲ್ಲ. ಅದೇ ಕಾಫಿಯನ್ನು ಬಾಗಿಲು ಕಾಯುವವನ ಕೈಯಲ್ಲಿ ಕಳಿಸಿದರೆ ಕುಡಿಯುತ್ತಾರೆ. ಒಮ್ಮೊಮ್ಮೆ ನಾನು ಒಳಗಿನಿಂದ ಬಂದಾಗ ಏನನ್ನೋ ಕೇಳುವವರಂತೆ ನನ್ನ ಮುಖ ನೋಡಿ, ಕೇಳದೆ ತಿರುಗಿಬಿಡುತ್ತಿದ್ದರು. ಹಠ ಎಂದುಕೊಂಡೆ. ಮಗ ಹೀಗೆ ಮಲಗಿರುವಾಗಲೂ ಇವರಿಗೆ ಹಠವೇ ಎಂದು ನನಗೆ ಸಿಟ್ಟೂ ಬಂತು.

ಇಂದು ಎರಡನೆಯ ಸಲ ಹಚ್ಚಿದ ಚರ್ಮದ ಕಟ್ಟು ಬಿಚ್ಚಿದರು. ಬಾಗಿಲು ತೆರೆಯುವವರೆಗೆ ನಾನು ಎಷ್ಟು ಸಲ ಕೂತೆ, ಎದ್ದೆ, ಗೊತ್ತಿಲ್ಲ. ಡಾಕ್ಟರು ಹೊರಗೆ ಬಂದು ಮಾಸ್ಕು ಇಳಿಸಿ, "ಕೈಗೆ ಹಚ್ಚಿದ್ದು ಹಿಡಿದಿದೆ. ಎದೇದೂ ಮುಕ್ಕಾಲು ಪಾಲು ಹಿಡಿದಿದೆ. ಇನ್ನೂ ದೂರ ಹೋಗ್ಬೇಕು ರಶ್ಮಿ, ಆದ್ರೆ ಹಿಡಿದಿದೆ" ಎಂದರು. ನಾನು ಚಪ್ಪಲಿ ಬಿಟ್ಟು ಅತ್ತೆಯ ಕಡೆಗೆ ಓಡಿದೆ. ಹೇಳಿದೆ. ಅವರು ಏಳಲೂ ಇಲ್ಲ, ಅಳಲೂ ಇಲ್ಲ.

"ಅವನ ತುಟಿ ನೋಡಿದ್ಯಾ?" ಎಂದು ಕೇಳಿದರು. "ತುಟಿ, ನಾಲಿಗೆ. ನೀಲಿ ಆಗಿಲ್ವಲ್ಲ?"

ನನಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಅವರು ಹೇಳಿದರು. ನಿಮಗಿಂತ ಮೊದಲು ಒಂದು ಹೆಣ್ಣು ಮಗು ಇತ್ತಂತೆ ರೀ. ಶಿವಲೀಲಾ ಎಂದು ಹೆಸರು. ಆಗಷ್ಟೇ ನಡೆಯಲು ಕಲಿತಿತ್ತು. ಮಾವ ಮೈಲುತುತ್ತ ನೆನೆಸಿ ಅಂಗಳದಲ್ಲಿ ಇಟ್ಟಿದ್ದರಂತೆ. ನೀಲಿ ಬಣ್ಣ ಚೆಂದ ಕಂಡು ಮಗು ಲೋಟ ಅದ್ದಿ ಕುಡಿಯಿತು. ಅತ್ತೆ ನೋಡುವಾಗ ತುಟಿಯೆಲ್ಲ ನೀಲಿ. "ಬಣ್ಣ ಹಚ್ಕೊಂಡಿದೆ ಅಂತ ನಾನೂ ನಕ್ಕೆ ಕಣೇ" ಎಂದರು. ಕೊಪ್ಪದ ಆಸ್ಪತ್ರೆಗೆ ಹೋಗಲು ಬಸ್ಸು ಸಿಗುವ ಹೊತ್ತಿಗೆ ಎಲ್ಲ ಮುಗಿದಿತ್ತಂತೆ. ಆಮೇಲೆ ಮಾವನ ಹತ್ತಿರವೂ ಆ ಮಗುವಿನ ಹೆಸರು ಎತ್ತಲಿಲ್ಲವಂತೆ. ನಿಮಗೂ ಹೇಳಿರಲಾರರು. ನಾನು ಅವರನ್ನು ಅಪ್ಪಿಕೊಂಡು ಕೂತೆ. ಇಷ್ಟು ದಿನದಲ್ಲಿ ಮೊದಲ ಸಲ ನನಗೆ ಏಳಬೇಕು ಅನಿಸಲಿಲ್ಲ.

ಉಸಿರಾಟಕ್ಕೆಂದು ನಿಮ್ಮ ಬಾಯಿಗೆ ಹಾಕಿದ್ದ ನಳಿಗೆಯನ್ನು ತೆಗೆದಿದ್ದಾರಂತೆ. ನಾಳೆ ನನ್ನ ಬದಲು ಅತ್ತೆಯನ್ನು ಒಳಗೆ ಬಿಡಿ ಎಂದು ಕೇಳಿಕೊಂಡಿದ್ದೇನೆ, ಡಾಕ್ಟರು ಒಪ್ಪಿದ್ದಾರೆ. ಆ ಗೌನು, ಟೋಪಿಯಲ್ಲಿ ಯಾರೋ ಎಂದುಕೊಳ್ಳಬೇಡಿ, ಅದು ನಿಮ್ಮಮ್ಮ. ಕಣ್ಣು ಬಿಡಲಾಗದಿದ್ದರೆ ಬೇಡ. ಮಾತೂ ಬೇಡ. ಅವರು ನಿಮ್ಮ ಮೇಲೆ ಬಾಗಿದಾಗ ಬಾಯಿ ಚೂರು ತೆರೆಯಿರಿ. ನಾಲಿಗೆ ಹೊರಗೆ ಹಾಕಿ ತೋರಿಸಿ, ಚಿಕ್ಕ ಮಕ್ಕಳ ಹಾಗೆ. ಕೆಂಪಗಿದೆ ಎಂದು ಅವರು ಕಣ್ಣಾರೆ ನೋಡಿಕೊಳ್ಳಲಿ.

ಹಿಡಿದ ಚರ್ಮ ಗಟ್ಟಿಯಾಗಲಿ, ಉಳಿದದ್ದನ್ನೂ ಶಿವ ಹಿಡಿಸಲಿ.

ಬಾಗಿಲಿನ ಈಚೆಗೆ ನಿಂತಿರುವ,
ನಿಮ್ಮ ರಶ್ಮಿ