ನಯನಳ ಇಷ್ಟಲಿಂಗ

ತಗಡೂರು
12-6-1998

ಸ್ಥಾವರದ ಮ್ಯಾನೇಜರ್ ಸಾಹೇಬರಿಗೆ ಚನ್ನಾಜಮ್ಮನ ಶರಣು.

ನಿಮ್ಮ ಕಾಗದ ಬಂತು. ಅಣು ವಿದ್ಯುತ್ತಿನ ಎರಡನೇ ಘಟಕ ಶುರುವಾಗುತ್ತೆ, ಅಪಘಾತದಲ್ಲಿ ತೀರಿಕೊಂಡ ನಮ್ಮ ಯಜಮಾನರ ಕೆಲಸ ಮಗಳು ನಯನಳಿಗೆ ಕೊಡ್ತೀವಿ ಅಂತ ಬರೆದಿದ್ದೀರಿ. ಆಗಲಿ, ಕಳಿಸ್ತೀನಿ.

ಅವತ್ತು ಅವರ ಮೈ ತೊಳೆದು ಕೊಟ್ರಿ. ಕೊರಳಲ್ಲಿದ್ದ ಇಷ್ಟಲಿಂಗವನ್ನ ಮಾತ್ರ ವಿಕಿರಣ ತಾಗಿದೆ ಅಂತ ಬಟ್ಟೆ ಜೊತೆ ಕಾಂಕ್ರೀಟಿನಲ್ಲಿ ಹೂತುಬಿಟ್ರಿ. ನಮ್ಮಲ್ಲಿ ಸತ್ತವರ ಅಂಗೈಯಲ್ಲಿ ಅವರ ಲಿಂಗ ಇಟ್ಟೇ ಮಣ್ಣು ಮಾಡೋದು. ಬರಿಗೈಯಲ್ಲಿ ಕಳಿಸೋಕೆ ಮನಸ್ಸಾಗದೆ ನನ್ನದನ್ನೇ ಬಿಚ್ಚಿ ಇಟ್ಟೆ.

ನಯನ ಯಾವ ತಾರೀಖಿಗೆ ಬರಬೇಕು, ಊಟ ಅಲ್ಲೇ ಸಿಗುತ್ತಾ, ತಿಳಿಸಿ.

ಅವಳ ಕೊರಳಲ್ಲಿ ಲಿಂಗ ಇರೋದಿಲ್ಲ. ಅದನ್ನ ಈಗಲೇ ಬಿಚ್ಚಿಸಿ ನನ್ನ ಹತ್ರ ಇಟ್ಕೊಂಡಿದೀನಿ. ನಾಳೆ ಅವಳ ಅಂಗೈಯಲ್ಲಿ ಇಡಬೇಕಾಗಿ ಬಂದ್ರೆ ನನ್ನ ಹತ್ರ ಇನ್ನೊಂದಿಲ್ಲ.

ಇಂತಿ,
ಚನ್ನಾಜಮ್ಮ