ಐವತ್ತೊಂದನೆಯ ಉಲ್ಲೇಖ

ಮನೆಯಿಂದ, ಭಾನುವಾರ ಬೆಳಗ್ಗೆ
ಮಾರ್ಚ್ ೯

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಣಿಕಟ್ಟಿನ ನೋವು ಕಡಿಮೆಯಾಯಿತೇ? ಕನ್ನಡಕದ ಗಾಜು ಉಜ್ಜುವ ಯಂತ್ರದ ಮುಂದೆ ಇಡೀ ದಿನ ಕೂರಬೇಡ, ನಡುನಡುವೆ ಎದ್ದು ಕೈ ಕೊಡವಿಕೋ ಎಂದು ಅಮ್ಮ ಬರೆಯಲು ಹೇಳಿದ್ದಾಳೆ. ಕೋಪ ಬಂದರೆ ಅವಳ ಮೇಲಿರಲಿ, ನನ್ನ ಮೇಲೆ ಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನಿಗೆ ಹೊಸ ಹಲ್ಲಿನ ಸೆಟ್ಟು ಬಂದಿದೆ. ಹಾಕಿಕೊಂಡರೆ ಮಾತು ಹೊರಡುವುದಿಲ್ಲ, ತೆಗೆದರೆ ಅಗಿಯಲು ಆಗುವುದಿಲ್ಲ. ಹಾಗಾಗಿ ಊಟದ ಹೊತ್ತಿನಲ್ಲಿ ನಮ್ಮ ಮನೆ ಎಂದೂ ಇಲ್ಲದಷ್ಟು ಶಾಂತ.

ಹೊಸ ಕೆಲಸದಲ್ಲಿ ನಾನು ಮಾಡುವುದಾದರೂ ಏನು ಎಂದು ಕೇಳಿದ್ದೆಯಲ್ಲ. ವಿಜ್ಞಾನಿಗಳು ಬರೆದ ಲೇಖನ ಜರ್ನಲ್‌ಗೆ ಹೋಗುವ ಮುಂಚೆ ನಮ್ಮ ಕಚೇರಿಗೆ ಬರುತ್ತದೆ. ಯಾರ್ಯಾರ ಬರಹವನ್ನು ಆಧಾರವಾಗಿ ಇಟ್ಟುಕೊಂಡಿದ್ದಾರೋ ಅದರ ಪಟ್ಟಿ ಕೊನೆಯಲ್ಲಿರುತ್ತದೆ. ಆ ಪಟ್ಟಿಯನ್ನು ಜರ್ನಲ್‌ನವರು ಕೇಳಿದ ಹಾಗೆ ಒಪ್ಪಮಾಡುವುದು ನನ್ನ ಪಾಲಿನದು. ಒಬ್ಬರಿಗೆ ಹೆಸರಿನ ಬೆನ್ನಿಗೇ ಇಸವಿ ಬೇಕು, ಇನ್ನೊಬ್ಬರಿಗೆ ಇಸವಿ ಬಾಲದಲ್ಲಿ. ಒಬ್ಬರಿಗೆ ಸಂಪುಟದ ಸಂಖ್ಯೆ ದಪ್ಪಗೆ ಕಾಣಬೇಕು, ಇನ್ನೊಬ್ಬರಿಗೆ ಓರೆಯಾಗಿ. ಮಧ್ಯಾಹ್ನ ಕಿಟಕಿಯ ಬಿಸಿಲು ಮೇಜಿನ ಮೇಲೆ ಮೆಲ್ಲಗೆ ಜರುಗುವಾಗ ಈ ಹೆಸರುಗಳನ್ನು ನೋಡುತ್ತಾ ಎಷ್ಟೋ ಸಲ ತೂಕಡಿಸಿದ್ದೇನೆ. ಒಮ್ಮೆ ಅವರೆಲ್ಲ ಉದ್ದನೆಯ ಬೆಂಚಿನ ಮೇಲೆ ಸಾಲಾಗಿ ಕೂತು, ಯಾರಾದರೂ ಕರೆಯುತ್ತಾರೇನೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದ ಹಾಗೆ ಕನಸಾಯಿತು. ಎಚ್ಚರವಾದಾಗ ಕೀಲಿಮಣೆಯ ಗುರುತು ಕೆನ್ನೆಯ ಮೇಲಿತ್ತು.

ಹೋದ ತಿಂಗಳು ಬೀಜಗಳ ನಿದ್ದೆಯ ಬಗ್ಗೆ ಒಂದು ಲೇಖನ ಬಂತು. ಮಣ್ಣಿನೊಳಗೆ ಬೀಜ ವರ್ಷಗಟ್ಟಲೆ ಮಲಗಿದ್ದು ಒಂದು ದಿನ ಯಾಕೆ ಏಳುತ್ತದೆ ಎಂಬ ವಿಚಾರ. ಬರೆದವರು ನನ್ನ ವಯಸ್ಸಿನ ಸಂಶೋಧಕಿ. ಜರ್ನಲ್‌ನವರು ಐವತ್ತು ಉಲ್ಲೇಖಕ್ಕೆ ಮಾತ್ರ ಒಪ್ಪುತ್ತಾರೆ, ಪಟ್ಟಿಯಲ್ಲಿ ಐವತ್ತೊಂದು ಇದ್ದವು. ಕಟ್ಟಕಡೆಯದು ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಥೀಸಿಸ್. ಹೆಸರು ಹಿಂದುಮುಂದಾಗಿತ್ತು, ಇನಿಷಿಯಲ್ ತಪ್ಪಿತ್ತು, ಇಸವಿಯೂ ಒಂದು ವರ್ಷ ಆಚೆ ಸರಿದಿತ್ತು. ಆದರೂ ಅಕ್ಕಾ, ಅದು ನೀನೇ.

ಸಂಶೋಧಕಿ ಫೋನಿನಲ್ಲಿ ಹೇಳಿದ್ದು ಇಷ್ಟು: "ಆ ಥೀಸಿಸ್ ತೆಗೆದುಬಿಡಿ. ನಾನೇ ನೋಡಿಲ್ಲ, ಇನ್ನೊಬ್ಬರ ಲೇಖನದಿಂದ ಎತ್ಕೊಂಡಿದ್ದು. ಅದೆಲ್ಲ ಈಗ ಎಲ್ಲಿ ಸಿಗುತ್ತೆ?" ಒಂದು ಕೀಲಿ ಒತ್ತಿದ್ದರೆ ಮುಗಿದಿತ್ತು. ನನ್ನ ಬೆರಳು ಏಳಲಿಲ್ಲ. ಎರಡು ದಿನ ಸಮಯ ಕೊಡಿ, ಒಂದೊಂದನ್ನೂ ಮೂಲದ ಜೊತೆ ತಾಳೆ ನೋಡುತ್ತೇನೆ ಎಂದೆ. ತಂಗಿ ಎಂಬ ಕಾರಣಕ್ಕೆ ಉಳಿಸಿಕೊಳ್ಳುತ್ತಿದ್ದೇನೆಯೇ ಎಂದು ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಳ್ಳುತ್ತಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದೆ.

ಅಲ್ಲಿನ ನೆಲಮಾಳಿಗೆ ನಿನಗೆ ಗೊತ್ತು. ಗ್ರಂಥಪಾಲಕರು ಟಾರ್ಚು ಕೊಟ್ಟು, "ಇಲಿ ಇಲ್ಲ, ಧೂಳು ಮಾತ್ರ, ಹೆದರ್ಕೋಬೇಡಿ" ಎಂದರು. ಮೂರನೆಯ ಸಾಲಿನ ಕೆಳಗಿನ ಕಪಾಟಿನಲ್ಲಿ ನಿನ್ನ ಹಸಿರು ರಟ್ಟಿನ ಪುಸ್ತಕ ಸಿಕ್ಕಿತು. ನಾನಾಗ ಆರನೇ ಕ್ಲಾಸಿನಲ್ಲಿದ್ದೆ, ಆದರೂ ನೀನು ಥೀಸಿಸ್ ಪರೀಕ್ಷೆ ಮುಗಿಸಿ ಬಂದ ಸಂಜೆ ಮರೆತಿಲ್ಲ. ಪರೀಕ್ಷಕರು "ಪದವಿ ಏನೋ ಕೊಡ್ತೀವಿ, ಆದ್ರೆ ಇದನ್ನ ಯಾರು ಓದ್ತಾರಮ್ಮ?" ಎಂದು ನಕ್ಕರಂತೆ. ನೀನು ಬಂದವಳೇ ಕಾಗದಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಎಸೆದೆ. ಆಮೇಲೆ ಆ ಮಾತು ಎತ್ತಲು ಯಾರನ್ನೂ ಬಿಡಲಿಲ್ಲ.

ಅಕ್ಕಾ, ಮೊದಲ ಪುಟಕ್ಕೆ ಅಂಟಿಸಿದ ಚೀಟಿ ನೋಡಿದೆ. ಅದರ ತುಂಬ ತಾರೀಖಿನ ಮುದ್ರೆ. ಜಾಗ ಸಾಲದೆ ಇನ್ನೊಂದು ಚೀಟಿ ಅಂಟಿಸಿದ್ದಾರೆ. ಮೂವತ್ನಾಲ್ಕು ಸಲ ಅದು ಹೊರಗೆ ಹೋಗಿ ಬಂದಿದೆ. ಅರುವತ್ತನೆಯ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ: "ಇದು ಸರಿ. ನಾನೂ ಕಂಡಿದ್ದೇನೆ." ಯಾರ ಕೈಬರಹವೋ ಗೊತ್ತಿಲ್ಲ. ಅಲ್ಲೇ ಏಣಿಯ ಮೆಟ್ಟಿಲ ಮೇಲೆ ಕೂತು ಇಡೀ ಪುಸ್ತಕ ಓದಿದೆ. ನೀನು ಮಡಕೆಗಳಲ್ಲಿ ಬೀಜ ಹೂತದ್ದು, ವರ್ಷಕ್ಕೊಂದು ಮಡಕೆ ಅಗೆದದ್ದು, ಎದ್ದವೆಷ್ಟು ಮಲಗಿದವೆಷ್ಟು ಎಂದು ಎಣಿಸಿದ್ದು. ಓದುತ್ತಾ ಓದುತ್ತಾ ನಾನೂ ಮಣ್ಣಿನೊಳಗೆ ಇಳಿದ ಹಾಗೆ, ಮೇಲೆ ಯಾರೋ ಮೆತ್ತಗೆ ನಡೆದು ಹೋದ ಹಾಗೆ ಅನಿಸುತ್ತಿತ್ತು. ಏಳನೆಯ ಕೋಷ್ಟಕಕ್ಕೆ ಬಂದಾಗ ಮಾತ್ರ ಪೂರ್ತಿ ಎಚ್ಚರವಾಯಿತು. ಚಳಿ ಇಳಿದು ಮಣ್ಣು ಎಷ್ಟು ಬೆಚ್ಚಗಾದಾಗ ಬೀಜ ಏಳುತ್ತದೆ ಎಂಬುದನ್ನು ತಾವೇ ಮೊದಲ ಬಾರಿಗೆ ಅಳೆದದ್ದು ಎಂದು ಸಂಶೋಧಕಿ ತಮ್ಮ ಲೇಖನದಲ್ಲಿ ಬರೆದಿದ್ದರು. ನಿನ್ನ ಕೋಷ್ಟಕದಲ್ಲಿ ಅದು ಇತ್ತು. ನಾಲ್ಕು ವರ್ಷದ ಲೆಕ್ಕ, ವಾರವಾರದ್ದು.

ಆ ಪುಟಗಳ ಫೋಟೋ ತೆಗೆದು ಅವರಿಗೆ ಕಳಿಸಿದೆ. ಜೊತೆಗೆ ಹೀಗೆ ಬರೆದೆ: "ಈಕೆ ನನ್ನ ಅಕ್ಕ. ಆದ್ದರಿಂದ ನನ್ನ ಮಾತು ನಂಬಬೇಡಿ, ನೀವೇ ಓದಿ ನೋಡಿ." ಮೂರು ದಿನ ಸದ್ದಿಲ್ಲ. ನಮ್ಮ ಕಚೇರಿಯ ಯಜಮಾನರಿಗೆ ವಿಷಯ ತಿಳಿದು, "ನಿಮಗೆ ಸಂಬಳ ಕೊಡೋದು ಅಲ್ಪವಿರಾಮ ನೋಡೋಕೆ, ಅಕ್ಕನ್ನ ಹುಡುಕೋಕಲ್ಲ" ಎಂದು ಎಲ್ಲರೆದುರೇ ಹೇಳಿದರು. ಕೆಲಸ ಹೋಯಿತು ಎಂದೇ ಅಂದುಕೊಂಡು ಮೇಜಿನ ಖಾನೆ ಖಾಲಿ ಮಾಡಲು ಶುರುಮಾಡಿದ್ದೆ. ನಾಲ್ಕನೆಯ ದಿನ ಸಂಶೋಧಕಿ ತಾವೇ ಬಂದರು. ಶೂಗಳಿಗೆ ಮಣ್ಣು ಮೆತ್ತಿತ್ತು, ಕಣ್ಣು ಕೆಂಪಾಗಿತ್ತು. ನೆಲಮಾಳಿಗೆಗೆ ಹೋಗಿ ಪೂರ್ತಿ ಓದಿ ಬಂದಿದ್ದರು. "ಐದು ವರ್ಷ ನಂದೇ ಮೊದಲು ಅಂತಿದ್ದೆ. ಒಂದು ದಿನ ಪೂರ್ತಿ ಕೋಪ ಬಂತು, ನಿಮ್ಮ ಮೇಲೂ ಬಂತು" ಎಂದು ಕುರ್ಚಿ ಎಳೆದು ಕೂತರು. ಆಮೇಲೆ, "ಮೊದಲ ಬಾರಿಗೆ ಅನ್ನೋ ಮಾತು ತೆಗೀತೀನಿ. ಐವತ್ತಕ್ಕೆ ಇಳಿಸ್ಬೇಕಲ್ಲ, ನನ್ನದೇ ಹಳೇ ಲೇಖನ ಒಂದನ್ನ ಹೊಡೆದು ಹಾಕಿ" ಎಂದರು. ಯಜಮಾನರು ಕೇಳಿಸಿಕೊಂಡು ಕೆಮ್ಮಿದರು, ಅಷ್ಟೇ. ನಾನು ಇನ್ನೂ ಅದೇ ಕುರ್ಚಿಯಲ್ಲಿದ್ದೇನೆ.

ಈ ಜರ್ನಲ್‌ನಲ್ಲಿ ಲೇಖನದೊಳಗೆ ಯಾರ ಮಾತು ಮೊದಲು ಬರುತ್ತದೋ ಅವರಿಗೆ ಮೊದಲ ಸಂಖ್ಯೆ. ಈಗ ಪೀಠಿಕೆಯಲ್ಲೇ ನಿನ್ನ ಮಾತು ಬರುವುದರಿಂದ ನೀನು ಮೂರನೆಯವಳು. ಮನೆತನದ ಹೆಸರು, ಅಲ್ಪವಿರಾಮ, ನಿನ್ನ ಇನಿಷಿಯಲ್, ಚುಕ್ಕಿ. ಎರಡು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು. ಅಮ್ಮನಿಗೆ ಅದನ್ನು ಮುದ್ರಿಸಿ ತೋರಿಸಿದೆ. ಓದಲು ಬಾರದ ಭಾಷೆಯಾದರೂ ಆ ಒಂದು ಸಾಲಿನ ಮೇಲೆ ಬೆರಳಿಟ್ಟುಕೊಂಡು ತುಂಬ ಹೊತ್ತು ಕೂತಿದ್ದಳು. ಆಮೇಲೆ "ಅವಳಿಗೆ ಹೇಳ್ದೆಯಾ?" ಎಂದಳು. ಅದಕ್ಕೇ ಈ ಕಾಗದ.

ಊಟ ತಪ್ಪಿಸಬೇಡ. ಕಣ್ಣು ಜೋಪಾನ. ಅಮ್ಮನ ಆಶೀರ್ವಾದಗಳು, ನನ್ನದು ಬರೀ ಪ್ರೀತಿ.

ನಿನ್ನ ತಂಗಿ,
ಮೊಂಡಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಥೀಸಿಸ್‌ನ ಕೊನೆಯ ಪುಟದಲ್ಲಿ, ಮೂರು ಮಡಕೆಗಳನ್ನು ಅಗೆಯದೆ ಮಣ್ಣಿನಲ್ಲೇ ಬಿಟ್ಟಿದ್ದೇನೆ ಎಂದು ಬರೆದಿದ್ದೀಯ. ಅವು ಎಲ್ಲಿವೆ ಎಂದು ಬರೆದಿಲ್ಲ. ಅಟ್ಟದ ಗಂಟನ್ನೆಲ್ಲ ಬಿಚ್ಚಿದೆ, ನಕ್ಷೆ ಸಿಗಲಿಲ್ಲ. ಸಂಶೋಧಕಿ ನಿನ್ನ ವಿಳಾಸ ಕೇಳಿದರು, ನಿನ್ನನ್ನು ಕೇಳದೆ ಕೊಡಲಿಲ್ಲ. ಇಪ್ಪತ್ತೆರಡು ವರ್ಷಕ್ಕೂ ಹೆಚ್ಚು ಮಲಗಿದ ಬೀಜ ಈ ಊರಿನಲ್ಲಿ ಬೇರೆ ಯಾರ ಬಳಿಯೂ ಇಲ್ಲವಂತೆ. ಜಾಗ ನಿನಗೊಬ್ಬಳಿಗೇ ಗೊತ್ತು. ಬರುತ್ತೀಯಾ? ಗುದ್ದಲಿ ನಾನು ಹಿಡಿಯುತ್ತೇನೆ.