ಕೊನೆಯ ಪುಟದ ಸಮೀಕರಣ

ಮಾಲಿನಿ,

ಇವತ್ತು ನಿನ್ನ ಅಮ್ಮ ಮಂಕಿಯಿಂದ, ನಾನು ಭೌತಶಾಸ್ತ್ರ ಕಲಿಸುವ ಹೊನ್ನಾವರದ ಕಾಲೇಜಿಗೆ ಬಂದಿದ್ದರು. ನೀನು ತೀರಿಕೊಂಡು ವರ್ಷವಾದ ಮೇಲೆ ನಿನ್ನ ಸ್ಟ್ರಿಂಗ್ ಥಿಯರಿಯ ನೋಟ್‌ಬುಕ್ ತೆರೆದಿದ್ದಾರೆ.

“ತಮಾ, ಇದ್ರಲ್ಲಿ ಎಂತ ಬರ್ದಿದ್ದಾಳೆ ಹೇಳು.”

ಎಲ್ಲವೂ ಕಂಪಿಸುವ ಸಣ್ಣ ಎಳೆಗಳಿಂದ ಆಗಿರಬಹುದು, ಜಾಗ ಮತ್ತು ಕಾಲವೂ ಮೂಲದಲ್ಲಿ ಇರದೆ ಇನ್ನಾವುದರಿಂದಲೋ ಹುಟ್ಟಿರಬಹುದು ಅಂದೆ.

“ಹಂಗಾರೆ ಅವ್ಳು ಈಗ ಎಲ್ಲಿದ್ದಾಳೆ?”

ನಾನು ಪುಟ ತಿರುವಿದೆ. ಕೊನೆಯಲ್ಲಿ, ಅರ್ಧಕ್ಕೆ ನಿಂತ ಸಮೀಕರಣದ ಕೆಳಗೆ, ‘ನಿತ್ಯಾನಂದನನ್ನು ಕೇಳಬೇಕು’ ಎಂದು ನೀನು ನನ್ನ ಹೆಸರನ್ನು ಕನ್ನಡದಲ್ಲಿ ಬರೆದಿದ್ದೆ. ಅಮ್ಮ ಅದೊಂದನ್ನು ಮಾತ್ರ ಓದಬಲ್ಲವರಾಗಿದ್ದರು.

“ಕೇಳಿದ್ಲಾ ತಮಾ?”

“ಇಲ್ಲ” ಅಂದೆ. ನೀನು ತೀರಿಕೊಂಡ ವಾರ ಮೂರು ಸಲ ಫೋನ್ ಮಾಡಿದ್ದನ್ನು, ನಾನು ಎತ್ತದೇ ಹೋದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.